ಬೆಳಕಿಂಡಿಯ ಮೇಲಿನ ಕಲ್ಲು

"ದಿನಕ್ಕ ಎಷ್ಟು ಬೀಡಿ ಸೇದ್ತೀರಿ ಆಯಿ?"

ಯಾದಗಿರಿಯ ಆಸ್ಪತ್ರೆಯಲ್ಲಿ ಎದೆಯ ಡಾಕ್ಟರಮ್ಮ ನನಗೆ ಕೇಳಿದ ಮೊದಲ ಪ್ರಶ್ನೆ ಇದು. ಪಕ್ಕದಲ್ಲಿ ನಿಂತಿದ್ದ ಸೊಸೆ ಸಿದ್ದಮ್ಮ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು.

"ಇನ್ನಾ ಶುರು ಮಾಡಿಲ್ರಿ," ಅಂದೆ. "ನೀವು ಬರಕೊಟ್ರ ನಾಳಿಂದ ಸೇದ್ತೀನಿ."

ಡಾಕ್ಟರಮ್ಮ ನಗಲಿಲ್ಲ. ನನ್ನ ಎದೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಸೂಜಿಗೆ ನಾನು ಹೆದರುವವಳಲ್ಲ, ನಗದ ಡಾಕ್ಟರಿಗೆ ಹೆದರುತ್ತೇನೆ.

ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಟೈಪ್ ಮಾಡಲು ಕಲಿತದ್ದು ಷೋಕಿಗಲ್ಲ. ಯಾಕೆ ಕಲಿತೆ ಅನ್ನುವುದು ಅದರ ಜಾಗದಲ್ಲಿ ಬರುತ್ತದೆ. ಆಸ್ಪತ್ರೆಯ ಬಾಕಿನ ಮೇಲೆ ಕೆಮ್ಮುತ್ತ ಕೂತಾಗ ಪಕ್ಕದವರು ಮೆಲ್ಲಗೆ ಆಚೆ ಸರಿದದ್ದನ್ನು ಕಂಡವರು ಇದ್ದೀರಲ್ಲ, ನಿಮಗಾಗಿ ಬರೆಯುತ್ತಿದ್ದೇನೆ. ಸರಿದರೆ ಸರಿಯಲಿ ಬಿಡಿ. ಕಾಲು ಚಾಚಲು ಜಾಗ ಸಿಗುತ್ತದೆ.

ನಮ್ಮದು ಶಹಾಪುರದ ಹಳೆಯ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಗೋಡೆ ದಪ್ಪ, ಕಿಟಕಿ ಕಡಿಮೆ. ನಡುಮನೆಯ ಒಳಗಿನ ಕೋಣೆಗೆ ಕಿಟಕಿಯೇ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ, ಅಷ್ಟೆ. ಮಾಳಿಗೆ ಹತ್ತಿದರೆ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ. ಮುಂಜಾನೆ ಎದ್ದು ಬುದ್ಧನ ಮೂಗು ನೋಡಿ, ಆಮೇಲೆ ಮುಖ ತೊಳೆಯುವುದು ನನ್ನ ರೂಢಿ.

ಈ ಚಳಿಗಾಲ ಮೊದಲು ಕೆಡಿಸಿದ್ದೇ ಆ ರೂಢಿಯನ್ನು. ಹತ್ತಿ ಬಿಡಿಸಿ ಮುಗಿದು ಜನ ಹೊಲದಲ್ಲಿ ಹತ್ತಿ ಕಟ್ಟಿಗೆ ಸುಡುವ ಕಾಲ. ಮಾಳಿಗೆ ಏರುವಾಗ ನಡುವೆ ನಿಲ್ಲಬೇಕಾಯಿತು. ಆಮೇಲೆ ನಳದಿಂದ ಕೊಡ ತರುವಾಗ. ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗಲೂ ಕೈ ನಿಲ್ಲಿಸಿ ಉಸಿರಿಗಾಗಿ ಕಾಯಬೇಕಾಯಿತು. ಮನೆಯಲ್ಲಿ ಗ್ಯಾಸ್ ಇತ್ತು. ಗ್ಯಾಸಿನ ಮೇಲೆ ರೊಟ್ಟಿ ಉಬ್ಬುತ್ತದೆ, ರುಚಿ ಉಬ್ಬುವುದಿಲ್ಲ ಎಂದು ವಾದಿಸಿ ಗೆದ್ದವಳು ನಾನೇ.

ಅದೇ ಹೊತ್ತಿಗೆ ಸಿದ್ದಮ್ಮನ ಮಗಳು, ನನ್ನ ಮೊಮ್ಮಗಳು ರೇಣುಕಾ ಚೊಚ್ಚಲ ಹೆರಿಗೆಗೆ ಸುರಪುರದ ಗಂಡನ ಮನೆಯಿಂದ ಬಂದಳು. ಅಲ್ಲಿನ ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ಬಿಟ್ಟು ಹೋಗಲು ಬಂದ ಅವಳ ಅತ್ತೆ, ನಮ್ಮ ಬೀಗತಿ, ಚಹಾ ಕುಡಿಯುವಷ್ಟರಲ್ಲಿ ನನ್ನ ಕೆಮ್ಮನ್ನೆಲ್ಲ ಕಿವಿಯಲ್ಲೇ ತೂಗಿದರು.

"ಇದು ಯಾ ನಮೂನಿ ಕೆಮ್ಮು ಅಮ್ಮಾರ?"

"ಹಳೀ ನಮೂನಿದೇ ರಿ."

"ನಗಬ್ಯಾಡ್ರಿ. ಟಿಬಿ ಇದ್ರ ಕೂಸಿಗಿ ಹತ್ತತದ. ಯಾದಗಿರಿಗಿ ಹೋಗಿ ತೋರಿಸ್ರಿ. ಟಿಬಿ ಅಂದ್ರ ಬಾಣಂತನ ಸುರಪುರದಾಗೇ ಮಾಡ್ತೀವಿ, ನೀವು ಸಿಟ್ಟಾಗಬಾರದು."

ಸಿಟ್ಟಾಗಲಿಲ್ಲ. ಹೆದರಿದೆ. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳನ್ನು ಎರೆಯುವವಳು ನಾನು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿ, ಎಣ್ಣೆ ತೀಡಿ, ಬಿಸಿನೀರು ಹುಯ್ದು, ಲೋಬಾನದ ಹೊಗೆ ಕೊಟ್ಟು ಸುತ್ತಿ ಮಲಗಿಸುವುದು ನನ್ನ ಕೆಲಸ, ನನ್ನ ಗತ್ತು. ಈಗ ಮರಿಮಗು ಬರುವ ಹೊತ್ತಿಗೆ ನನ್ನ ಕಾಲ ಮೇಲೆ ಮಲಗಿಸಲು ಕೂಸನ್ನೇ ಕೊಡದಿದ್ದರೆ?

ಯಾದಗಿರಿಗೆ ಹೋಗುವ ಮೊದಲೇ ಮನೆಯಲ್ಲಿ ನನ್ನ ತಾಟು ಬೇರೆಯಾಯಿತು. ಸಿದ್ದಮ್ಮ ಕೆಟ್ಟವಳಲ್ಲ. ಮುಖ ಬೇರೆ ಕಡೆ ತಿರುಗಿಸಿ ಹೇಳಿದಳು: "ಅತ್ತಿ, ಈ ತಾಟು ಹಗುರ ಅದ. ನಿಮಗ ಹಿಡಿಲಾಕ ಚೊಲೊ."

"ಹೌದವ್ವಾ," ಅಂದೆ. "ಹಗುರ ಅದ. ಆದ್ರ ಗೂಡಿನಾಗ ಒಂದೇ ಇಡಾಕತ್ತಿ, ಅದಕ್ಕ ಬ್ಯಾಸರ ಬರ್ತದ."

ಅವಳು ಅಡುಗೆಮನೆಗೆ ಹೋಗಿ ಅತ್ತದ್ದು ಕೇಳಿಸಿತು. ನಾನು ಕೆಮ್ಮಿ ಕೇಳಿಸದ ಹಾಗೆ ಮಾಡಿದೆ.

ಆ ದಿನಗಳಲ್ಲಿ ನನ್ನನ್ನು ಉಳಿಸಿದವಳು ಪಕ್ಕದ ಮನೆಯ ಖಾಜಾಬಿ. ಅವಳ ಮಾಳಿಗೆ, ನಮ್ಮ ಮಾಳಿಗೆ ಕೂಡಿಕೊಂಡೇ ಇವೆ. ಎಲ್ಲರೂ ನೋಡುತ್ತಿರುವಾಗಲೇ ನಾನು ಅರ್ಧ ಕುಡಿದಿಟ್ಟ ಚಹಾವನ್ನು ಎತ್ತಿ ಕುಡಿದುಬಿಟ್ಟಳು.

"ಖಾಜಾಬಿ, ಹತ್ತತದ."

"ಹತ್ತಲಿ ಅಕ್ಕಾ. ಇಬ್ಬರೂ ಕೂಡಿ ಕೆಮ್ಮೂಣು. ಒಬ್ಬಾಕಿ ಕೆಮ್ಮಿದ್ರ ಮಜಾ ಇಲ್ಲ."

ಔಷಧಿಗಿಂತ ಮೊದಲು ನನಗೆ ಸಿಕ್ಕ ಔಷಧಿ ಅದು.

ಯಾದಗಿರಿಯಲ್ಲಿ ಕಫ ಕೊಟ್ಟೆವು, ಫೋಟೋ ತೆಗೆಸಿದೆವು, ಕಾದೆವು. ಬಾಕಿನ ಮೇಲೆ ದೋರನಹಳ್ಳಿಯ ಒಬ್ಬ ಹೆಂಗಸು, ವಡಗೇರಾದ ಒಬ್ಬ ಮುದುಕ, ನಾನು. ಮೂವರೂ ಸರದಿಯ ಮೇಲೆ ಕೆಮ್ಮುತ್ತಿದ್ದೆವು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಹಿಡಿಯುವುದು, ಭಜನೆಯ ಹಾಗೆ. ಆಮೇಲೆ ಒಂದು ಕೊಳವೆ ಬಾಯಿಗೆ ಕೊಟ್ಟು ಊದಲು ಹೇಳಿದರು. "ಊದ್ರಿ ಆಯಿ, ಇನ್ನಾ ಊದ್ರಿ, ಬಿಡಬ್ಯಾಡ್ರಿ." ಜೀವನವಿಡೀ ಒಲೆ ಊದಿದವಳು ಅಲ್ಲಿ ಸೋತೆ. ಮಷೀನಿನ ಗೆರೆ ಏಳಲೇ ಇಲ್ಲ.

ಆ ಕಾಗದ, ಆ ಫೋಟೋ ಎರಡನ್ನೂ ನೋಡಿದ ಮೇಲೆ ಡಾಕ್ಟರಮ್ಮ ಬೀಡಿಯ ಪ್ರಶ್ನೆ ಕೇಳಿದ್ದು. ಆಮೇಲೆ ಹೇಳಿದರು: "ಟಿಬಿ ಇಲ್ಲ."

ನಾನು ಹೊರಡಲು ಎದ್ದೇಬಿಟ್ಟೆ.

"ಕುಂದ್ರಿ. ಟಿಬಿ ಇದ್ದಿದ್ರ ಗುಳಿಗಿ ಕೊಟ್ಟು ವಾಸಿ ಮಾಡ್ತಿದ್ದೆ. ಇದು ಹಂಗಲ್ಲ. ಬೀಡಿ ಸೇದಲಾರದೇ ನಿಮ್ಮ ಎದಿ ಬೀಡಿ ಸೇದಿದವರ ಎದಿ ಆಗ್ಯಾದ. ಒಲಿ ಹೊಗಿ, ಕಸ ಸುಡೋ ಹೊಗಿ, ಹೊಲದಾಗ ಕಟ್ಟಿಗಿ ಸುಡೋ ಹೊಗಿ, ಧೂಳು. ಒಳಗಿನ ಕೊಳವಿ ಸಣ್ಣ ಆಗ್ಯಾವ. ಹೋದದ್ದು ತಿರುಗಿ ಬರಂಗಿಲ್ಲ. ಉಳದದ್ದು ಉಳಸ್ಕೋಬೇಕು. ಹೊಗಿ ಹಂತ್ಯಾಕ ಹೋಗಬ್ಯಾಡ್ರಿ, ದಮ್ಮು ಹತ್ತಿದ್ರ ಬಾಯಿಗಿ ಹೊಡ್ಕೊಳ್ಳೋ ಈ ಪಂಪು ಕೈಯಾಗಿಂದ ಬಿಡಬ್ಯಾಡ್ರಿ."

ಇಷ್ಟೆಲ್ಲ ಹೇಳಿದರೂ ನನ್ನ ಕಿವಿಯಲ್ಲಿ ಉಳಿದದ್ದು ಮೊದಲ ಮಾತು ಒಂದೇ. ಬಸ್ಸಿನಲ್ಲಿ ಕೂತ ಕೂಡಲೇ ಸಿದ್ದಮ್ಮನಿಗೆ ಅಂದೆ: "ಬೀಗತಿಗಿ ಫೋನ್ ಹಚ್ಚು. ಟಿಬಿ ಇಲ್ಲ ಅಂತ ಹೇಳು. ಗಟ್ಟಿಯಾಗಿ ಹೇಳು, ಬಸ್ಸಿನವರೂ ಕೇಳಲಿ."

ಮಗ ದೇವಪ್ಪ ಮರುದಿನವೇ ಒಲೆಗೆ ನೀರು ಹಾಕಿದ. ರೊಟ್ಟಿ ಗ್ಯಾಸಿಗೆ ಹೋಯಿತು. ತಾಟು ಗೂಡಿನಿಂದ ಎಲ್ಲರ ತಾಟಿನ ಜೊತೆ ಬಂದು ಕೂತಿತು. ಹೊಗೆಯನ್ನೆಲ್ಲ ಮನೆಯಿಂದ ಹೊರಗೆ ಹಾಕಿದೆವು ಎಂದು ಎಲ್ಲರೂ ತಿಳಿದೆವು.

ಒಂದನ್ನು ಬಿಟ್ಟು. ಒಲೆಯದು ಹೊಗೆ, ಕಸದ್ದು ಹೊಗೆ, ಹೊಲದ್ದು ಹೊಗೆ. ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಅದರ ಮೇಲೆ ಲೋಬಾನ, ಅಜವಾನ, ಬಳ್ಳೊಳ್ಳಿ ಸಿಪ್ಪೆ ಉದುರಿಸಿದಾಗ ಏಳುತ್ತದಲ್ಲ, ಅದು ನಮ್ಮ ಕಣ್ಣಿಗೆ ಹೊಗೆಯೇ ಅಲ್ಲ. ಅದು ಔಷಧಿ. ಡಾಕ್ಟರಮ್ಮ ಅದರ ಹೆಸರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ರೇಣುಕಾ ಹೆಣ್ಣು ಹೆತ್ತಳು. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲು ಒಳಕೋಣೆ ಸಿದ್ಧವಾಗಿತ್ತು. ಬಾಣಂತಿಗೆ ಗಾಳಿ ತಾಗಬಾರದು ಎಂದು ದೇವಪ್ಪ ಬೆಳಕಿಂಡಿಯ ಮೇಲೆ ಗೋಣಿಚೀಲ ಹಾಸಿ ದೊಡ್ಡ ಹಾಸುಗಲ್ಲು ಇಟ್ಟ. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿದೆವು. ನನ್ನ ಪಂಪು ಎಲೆಅಡಿಕೆ ಚಂಚಿಯೊಳಗೆ ಸೇರಿ ಹೊರಗಿನ ಗೂಟಕ್ಕೆ ಹೋಯಿತು. ಅದರ ವಾಸನೆ ಕೂಸಿಗೆ ಆಗಲಿಕ್ಕಿಲ್ಲ ಎಂದು ನನ್ನ ಬುದ್ಧಿ ಹೇಳಿತ್ತು.

ಬಾಣಂತಿ ಓದಬಾರದು, ಕಣ್ಣು ಹೋಗುತ್ತವೆ ಎಂದು ನಾನು ಪುಸ್ತಕ ಕಸಿದಿಟ್ಟಿದ್ದೆ. ರೇಣುಕಾಗೆ ಸರ್ಕಾರಿ ಮಾಸ್ತರಿಕೆಯ ಪರೀಕ್ಷೆ ಹತ್ತಿರವಿತ್ತು.

"ಓದಬ್ಯಾಡಂದಿ. ಬಾಯಿಪಾಠ ಹೇಳ್ತೀನಿ, ಕೇಳು," ಅಂದಳು. "ಭೂಮಿ ಸುತ್ತಲಿನ ಗಾಳಿಗಿ ಐದು ಪದರ. ನೆಲಕ್ಕ ಹತ್ತಿದ್ದು ಪರಿವರ್ತನಾ ಮಂಡಲ. ಮೋಡ, ಮಳಿ, ಧೂಳು ಎಲ್ಲಾ ಇದರಾಗ. ಅದರ ಮ್ಯಾಲ ಸಮೋಷ್ಣ ಮಂಡಲ, ಓಝೋನ್ ಅಲ್ಲಿರ್ತದ. ಅದರ ಮ್ಯಾಲ ಮಧ್ಯಂತರ, ಆಮ್ಯಾಲ ಉಷ್ಣತಾ, ಕಡೀಕ ಬಾಹ್ಯ ಮಂಡಲ."

"ಮಾಳಗಿ ಮ್ಯಾಲ ಮಾಳಗಿ. ನಾವು ಯಾದರಾಗ ಇದ್ದೀವಿ?"

"ಎಲ್ಲಾದಕ್ಕಿಂತ ಕೆಳಗಿಂದ್ರಾಗ."

"ಮತ್ತ ಹೊಗಿ?"

"ಅದೂ ಇದರಾಗೇ ಆಯಿ."

"ಬಾಡಗಿ ಕೊಡಲಾರದ ಬೀಗರು ಬಂದಂಗ ಆತು. ಹೊಗಿ ಮ್ಯಾಲ ಹೋಗಬೇಕಲ್ಲ?"

"ಹೋಗ್ತದ. ಮ್ಯಾಲ ಮ್ಯಾಲ ಹೋದಂಗ ಥಂಡಿ, ಕೆಳಗಿನ ಬೆಚ್ಚನ್ನ ಗಾಳಿ ಏರತದ. ಆದ್ರ ಥಂಡಿ ದಿನದಾಗ ಮುಂಜಾನಿ ಉಲ್ಟಾ. ನೆಲ ತಣ್ಣಗಾಗಿ ಕೆಳಗಿನ ಗಾಳಿ ಥಂಡಿ, ಅದರ ಮ್ಯಾಲಿಂದು ಬೆಚ್ಚಗ. ಗಡಿಗಿಗಿ ಮುಚ್ಚಳ ಇಟ್ಟಂಗ. ಊರಿನ ಹೊಗಿ ಊರಾಗೇ ಕುಂದ್ರತದ. ನಿನ್ನ ಬುದ್ಧನ ಮೂಗು ಅದಕ್ಕೇ ಕಾಣಂಗಿಲ್ಲ."

ಮುಚ್ಚಳ ಎಂದಾಗ ನಾವಿಬ್ಬರೂ ತಲೆ ಎತ್ತಿ ಮೇಲೆ ನೋಡಲಿಲ್ಲ. ನೋಡಿದ್ದರೆ ಬೆಳಕಿಂಡಿಯ ಮೇಲಿನ ಕಲ್ಲು ಕಾಣುತ್ತಿತ್ತು.

ಆ ಮುಂಜಾನೆ ಚಳಿ ಗಟ್ಟಿಯಾಗಿತ್ತು. ದೇವಪ್ಪ ಹೊಲಕ್ಕೆ ಹೋಗಿದ್ದ. ನಾನು ಕೂಸನ್ನು ಎರೆದು, ಸುತ್ತಿ, ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ರೇಣುಕಾ ಹೊರಸಿನ ಮೇಲೆ ಹೊದ್ದು ಮಲಗಿದ್ದಳು. ಕೆಳಗೆ ಅಗ್ಗಿಷ್ಟಿಕೆ. ಸಿದ್ದಮ್ಮ ಕೆಂಡದ ಮೇಲೆ ಲೋಬಾನ ಉದುರಿಸುವಷ್ಟರಲ್ಲಿ ಓಣಿಯಲ್ಲಿ ನಳ ಬಂತು ಎಂಬ ಕೂಗು ಎದ್ದಿತು. ಅವಳು ಕೊಡ ಹಿಡಿದು ಓಡಿದಳು. ನಾನೇ ಎದ್ದು, ಕೂಸನ್ನು ಎತ್ತಿಕೊಂಡೇ, ಬಾಗಿಲ ಮೇಲಿನ ಚಿಲಕ ಹಾಕಿ ಸಂದಿಗೆ ಸೀರೆಯನ್ನು ಇನ್ನಷ್ಟು ತುರುಕಿ ಬಂದು ಕೂತೆ.

ಕೆಂಡದಲ್ಲಿ ಹತ್ತಿ ಕಟ್ಟಿಗೆಯ ಒಂದು ಹಸಿ ತುಂಡು ಉಳಿದಿತ್ತು. ಅದು ಹೊಗೆಯಾಡತೊಡಗಿತು. ಹೊಗೆ ಮಾಳಿಗೆಯವರೆಗೆ ಹೋಯಿತು, ದಾರಿ ಇಲ್ಲದೆ ಹರಡಿತು, ಮೆಲ್ಲಗೆ ಕೆಳಗೆ ಬಂತು.

ಮೊದಲು ಕೂಸು ಕೆಮ್ಮಿತು. ಬೆಕ್ಕಿನ ಮರಿ ಸೀನಿದಷ್ಟು ಸಣ್ಣ ಕೆಮ್ಮು. ಆಮೇಲೆ ನನ್ನ ಎದೆ ಹಿಡಿಯಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಗಂಟಲಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ. ಕೈ ಚಂಚಿಯನ್ನು ಹುಡುಕಿತು. ಚಂಚಿ ಹೊರಗಿನ ಗೂಟದ ಮೇಲಿತ್ತು.

'ರೇಣು' ಅಂದೆ. ಅನ್ನಲಿಲ್ಲ, ಅಂದೆನೆಂದು ಅಂದುಕೊಂಡೆ. ದನಿಗೂ ಗಾಳಿ ಬೇಕಲ್ಲ. ಅವಳ ಕೈ ಹೊರಸಿನಿಂದ ಕೆಳಗೆ ಜೋತುಬಿದ್ದಿತ್ತು. ಎಳೆದೆ. ಏಳಲಿಲ್ಲ. ಬಾಣಂತಿಯ ನಿದ್ದೆ ಹಾಗಿರುವುದಿಲ್ಲ, ಕೂಸು ಮಿಸುಕಿದರೆ ಎಚ್ಚರವಾಗುತ್ತದೆ. ಕೂಸು ಈಗ ಮಿಸುಕುತ್ತಲೂ ಇರಲಿಲ್ಲ.

ಕುಂಡೆಯ ಮೇಲೆ ಸರಿಯುತ್ತ ಬಾಗಿಲ ಹತ್ತಿರ ಬಂದೆ. ಚಿಲಕ ಮೇಲಿತ್ತು, ಕೂತಲ್ಲಿಂದ ಎಟಕಲಿಲ್ಲ. ತುರುಕಿದ್ದ ಸೀರೆಯನ್ನು ಎಳೆದು ತೆಗೆದೆ. ಸಂದಿಯಿಂದ ತಣ್ಣನೆಯ ಗಾಳಿ ಒಂದು ಪಟ್ಟಿಯಷ್ಟು ಒಳಗೆ ಬಂತು. ಕೂಸನ್ನು ನೆಲದ ಮೇಲೆ ಮಲಗಿಸಿ ಅದರ ಮುಖವನ್ನು ಆ ಪಟ್ಟಿಗೆ ಇಟ್ಟೆ. ಅಲ್ಲಿ ಒಂದು ಮುಖಕ್ಕೆ ಮಾತ್ರ ಜಾಗವಿತ್ತು.

ಎರೆಯುವ ಚರಿಗೆ ಕೈಗೆ ಸಿಕ್ಕಿತು. ಬಾಗಿಲಿಗೆ ಬಡಿದೆ. ಓಣಿಯಲ್ಲಿ ಕೊಡಗಳ ಸದ್ದು, ಜಗಳದ ಸದ್ದು. ಮತ್ತೆ ಬಡಿದೆ. ಸಿದ್ದಮ್ಮನ ದನಿ ದೂರದಲ್ಲಿ ಕೇಳುತ್ತಿತ್ತು, "ನನ್ನ ಪಾಳಿ, ನನ್ನ ಪಾಳಿ" ಎಂದು. ಕಣ್ಣಿನ ಸುತ್ತ ಕಪ್ಪಾಗುತ್ತ ಬಂತು. ಬಡಿಯುವುದನ್ನು ಮಾತ್ರ ಕೈ ಮರೆಯಲಿಲ್ಲ.

ಆಗ ಮೇಲೆ ಗರಗರ ಎಂದಿತು. ಮಣ್ಣು ಉದುರಿತು. ಹಾಸುಗಲ್ಲು ಸರಿದು ಬಿಸಿಲು ಕಂಬದ ಹಾಗೆ ಕೋಣೆಯೊಳಗೆ ಇಳಿಯಿತು. ಇಡೀ ಕೋಣೆಯ ಹೊಗೆ ಆ ಕಂಬ ಹಿಡಿದು ಏರಿ ಹೋಗುವುದನ್ನು ಕಂಡೆ. ಬೆಳಕಿಂಡಿಯಲ್ಲಿ ಖಾಜಾಬಿಯ ಮುಖ. ಅವಳು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳಂತೆ, ಕಾಲಡಿಯಿಂದ ಯಾರೋ ತಾಳ ಹಾಕಿದ ಹಾಗೆ ಕೇಳಿ, ಕಲ್ಲಿನ ಸಂದಿಯಲ್ಲಿ ಹೊಗೆ ಕಂಡು ಎಳೆದಳಂತೆ.

"ಅಕ್ಕಾ, ಇದ್ದೀಯೇನ?"

ಉತ್ತರ ಕೊಡಲಾಗದೆ ಚರಿಗೆ ಎತ್ತಿ ತೋರಿಸಿದೆ. ಅವಳು ಓಣಿಗೆಲ್ಲ ಕೇಳುವಂತೆ ಕೂಗತೊಡಗಿದಳು. ತಣ್ಣನೆಯ ಗಾಳಿ ಮುಖಕ್ಕೆ ಬಿದ್ದು ರೇಣುಕಾ ಕೆಮ್ಮುತ್ತ ಎದ್ದಳು, ಬಿದ್ದಳು, ಗೋಡೆ ಹಿಡಿದು ಬಂದು ಚಿಲಕ ತೆಗೆದಳು. ಆಮೇಲಿನದು ನನಗೆ ನೆನಪಿಲ್ಲ.

ನೆನಪು ಬಂದಾಗ ಯಾದಗಿರಿಯಲ್ಲಿದ್ದೆ. ಮೂಗು ಬಾಯಿಯ ಮೇಲೆ ಗಾಳಿಯ ಮುಖವಾಡ. ಪಕ್ಕದಲ್ಲಿ ದೇವಪ್ಪ ಮಾತ್ರ. ಅವನ ಮುಖ ನೋಡಿ ಓದೋಣವೆಂದರೆ ನನ್ನ ಮಗ ಮೊದಲಿನಿಂದಲೂ ಮುಖದಲ್ಲಿ ಏನೂ ಬರೆದಿಟ್ಟುಕೊಳ್ಳುವವನಲ್ಲ. ಕೇಳಲು ದನಿಯಿಲ್ಲ. ಸನ್ನೆ ಮಾಡಿದೆ, ನೀರು ತಂದ. ಮತ್ತೆ ಸನ್ನೆ ಮಾಡಿದೆ, ಹೊದಿಕೆ ಸರಿಮಾಡಿದ.

ಅವನ ಕೈಯಿಂದ ಫೋನ್ ಕಸಿದುಕೊಂಡೆ. ರೇಣುಕಾ ಅಕ್ಷರ ಒತ್ತುವುದನ್ನು ನೋಡಿದ್ದೆನಷ್ಟೆ, ಒತ್ತಿ ಗೊತ್ತಿರಲಿಲ್ಲ. ಎಷ್ಟೋ ಹೊತ್ತು ಹುಡುಕಿ ಒಂದು ಮಾತು ಮೂಡಿಸಿದೆ.

'ಕೂಸು'

ನನ್ನ ಜೀವನದಲ್ಲಿ ನಾನು ಟೈಪ್ ಮಾಡಿದ ಮೊದಲ ಮಾತು ಅದೇ.

ದೇವಪ್ಪ ಓದಿದ. ಎದ್ದು ಹೊರಗೆ ಹೋಗಿಬಿಟ್ಟ. ಅವನು ತಿರುಗಿ ಬರುವ ತನಕ ನಾನು ಮುಖವಾಡದ ಗಾಳಿಯನ್ನು ಹೇಗೆ ಎಳೆದೆನೋ ಗೊತ್ತಿಲ್ಲ. ಆ ಗಾಳಿಯೇ ಬೇಡ ಅನ್ನಿಸಿತ್ತು. ಬಂದವನು ಫೋನನ್ನು ನನ್ನ ಕಿವಿಗೆ ಹಿಡಿದ. ಕೆಳಗಿನ ವಾರ್ಡಿನಿಂದ ಸಿದ್ದಮ್ಮ ಹಚ್ಚಿದ್ದಳು. ಆ ಕಡೆ ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಕೂಸು ಅಳಬಾರದೆಂದು ಜೀವನವೆಲ್ಲ ಜೋಗುಳ ಹಾಡಿದವಳು, ಅಂದು ಇನ್ನಷ್ಟು ಅಳಲಿ ಎಂದು ಕಣ್ಣುಮುಚ್ಚಿ ಕೇಳಿದೆ.

ರೇಣುಕಾಗೂ ಗಾಳಿ ಕೊಟ್ಟು ನೋಡಿಕೊಂಡರು. ಇಬ್ಬರೂ ಉಳಿದರು. ಡಾಕ್ಟರಮ್ಮ ಬಂದು ನನ್ನ ಹೊರಸಿನ ತುದಿಗೆ ನಿಂತರು. "ಮುಚ್ಚಿದ ಕೋಣ್ಯಾಗ ಕೆಂಡ ಇಟ್ಕೊಂಡು ಕುಂತಿದ್ರಂತ. ಕೆಂಡದ ಆ ವಿಷದ ಗಾಳಿ ಮೂಗಿಗೆ ಗೊತ್ತಾಗಂಗಿಲ್ಲ ಆಯಿ, ನಿದ್ದಿ ಮಾಡಿಸಿ ಒಯ್ತದ." ಈ ಸಲ ನಾನೂ ನಗಿಸಲು ಹೋಗಲಿಲ್ಲ.

ಮರುದಿನ ಸುರಪುರದ ಬೀಗತಿ ಬಂದರು. ಬರುತ್ತಾರೆಂದು ಗೊತ್ತಿತ್ತು. ರೇಣುಕಾ ಕೂಸನ್ನು ಸಿದ್ದಮ್ಮನ ಕೈಗೆ ಕೊಟ್ಟು ನನ್ನ ಹತ್ತಿರ ಬಂದು ಕೂತಿದ್ದಳು.

"ಕೂಸು, ಬಾಣಂತಿ ಇಬ್ಬರನೂ ಕರಕೊಂಡು ಹೋಗಾಕ ಬಂದೀನಿ," ಅಂದರು ಬೀಗತಿ. ದನಿಯಲ್ಲಿ ಜಗಳವಿರಲಿಲ್ಲ, ಅದೇ ಕಷ್ಟವಾಯಿತು.

ನಾನು ಮುಖವಾಡ ಸರಿಸಿದೆ. "ಒಯ್ರಿ. ಆದ್ರ... ಹೊರಸಿನ ಕೆಳಗ... ಬೆಂಕಿ ಹಾಕಬ್ಯಾಡ್ರಿ."

"ಬೆಂಕಿ ಇಲ್ದ ಬಾಣಂತನ ಹ್ಯಾಂಗ ಆಗ್ತದರಿ? ಸೊಂಟ ಹಿಡೀತದ, ಥಂಡಿ ಹತ್ತತದ. ನಮ್ಮ ಬೆಳಕಿಂಡಿನೂ ಮುಚ್ಚೇವಿ, ಆದ್ರ ನಮ್ಮ ಕೋಣಿ ದೊಡ್ಡದದ."

ಆಗ ನನಗೆ ನಿಜವಾದ ಭಯ ಹುಟ್ಟಿತು. ಕೂಸು ನನ್ನಿಂದ ದೂರ ಹೋಗುವ ಭಯವಲ್ಲ, ಇನ್ನೊಂದು ಮುಚ್ಚಿದ ಕೋಣೆಗೆ ಹೋಗುವ ಭಯ. ಮಾತಾಡಲು ಉಸಿರು ಸಾಲದು, ಟೈಪ್ ಮಾಡಲು ಬೆರಳು ಬಾರದು. ಇದ್ದಷ್ಟು ಗಾಳಿ ಕೂಡಿಸಿಕೊಂಡೆ.

"ಮೈ ಕಾಸಾಕ ಸುರಪುರದಾಗ... ಬಿಸಲಿಲ್ಲೇನ್ರಿ? ನಮ್ಮ ಕಡೀಗಿ ಬಿಸಲಿಗಿ ಬರ ಅದ ಅಂದ್ರ... ಯಾರರ ನಂಬ್ತಾರೇನು?"

ಬೀಗತಿ ನಗು ತಡೆಯಲು ನೋಡಿದರು, ಆಗಲಿಲ್ಲ. ರೇಣುಕಾ ಅವರ ಕೈ ಹಿಡಿದಳು.

"ಅತ್ತಿ, ನಾ ಎದ್ದಿರಲಿಲ್ಲ. ಆಯಿ ತನ್ನ ಮುಖ ಬಿಟ್ಟು ಕೂಸಿನ ಮುಖ ಬಾಗಲಾ ಸಂದ್ಯಾಗ ಇಟ್ಟಾಳ. ಕೂಸಿನ್ನ ಎಲ್ಲಿ ಎರೀಬೇಕು ಅನ್ನೋದು ಆಕಿಗಿ ಬಿಡ್ರಿ."

ಬೀಗತಿ ರೇಣುಕಾಳ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡರು. ಕಡೆಗೆ ಕೇಳಿದರು: "ಆ ಬೆಳಕಿಂಡಿ ಕಲ್ಲು ಈಗ ಎಲ್ಲಿ ಅದ?"

"ಖಾಜಾಬಿ ಅದರ ಮ್ಯಾಲ ಕುಂತಾಳ," ಎಂದ ದೇವಪ್ಪ.

"ಆಕಿಗಿ ಏಳಬ್ಯಾಡಂತ ಹೇಳ್ರಿ," ಎಂದರು ಬೀಗತಿ. ಬಟ್ಟೆಯ ಗಂಟನ್ನು ರೇಣುಕಾಳ ಕೈಗೆ ತಿರುಗಿ ಕೊಟ್ಟರು.

ಈಗ ಕೂಸನ್ನು ಮಾಳಿಗೆಯ ಮೇಲೆ ಎರೆಯುತ್ತೇನೆ. ಬಿಸಿಲು ಏರಿ ಬುದ್ಧನ ಮೂಗು ಕಂಡ ಮೇಲೆಯೇ. ಮೂಗು ಕಾಣದ ದಿನ ಮುಚ್ಚಳ ಇನ್ನೂ ತೆಗೆದಿಲ್ಲ ಎಂದು ಲೆಕ್ಕ. ನಾವಿಬ್ಬರೂ ಒಳಗೆ ಕಾಯುತ್ತೇವೆ. ಪಂಪು ಸೊಂಟದ ಚಂಚಿಯಲ್ಲೇ ಇರುತ್ತದೆ. ಅದು ಹುಸ್ ಎಂದರೆ ಕೂಸು ನಗುತ್ತದೆ. ಮೆಟ್ಟಿಲ ನಡುವೆ ಈಗಲೂ ನಿಲ್ಲುತ್ತೇನೆ, ಹೋದ ಎದೆ ತಿರುಗಿ ಬಂದಿಲ್ಲ. ಹೆಚ್ಚು ಮಾತಾಡಿದರೆ ದಮ್ಮು ಬರುತ್ತದೆ, ಅದಕ್ಕೇ ರೇಣುಕಾ ಟೈಪ್ ಮಾಡುವುದನ್ನು ಸರಿಯಾಗಿ ಕಲಿಸಿದಳು. ಬೈಗುಳ ಟೈಪ್ ಮಾಡಿದರೆ ದಮ್ಮು ಬರುವುದಿಲ್ಲ, ಇದು ದೊಡ್ಡ ಅನುಕೂಲ.

ಒಂದು ವಿಷಯ ಬಾಕಿ ಇತ್ತು. ನಮ್ಮ ಹೊಲದಲ್ಲಿ ಹತ್ತಿ ಕಟ್ಟಿಗೆ ಕಿತ್ತು ರಾಶಿ ಹಾಕಿತ್ತು. ಒಂದು ಮುಂಜಾನೆ ದೇವಪ್ಪ ಅಂಗಿಯ ಜೇಬಿಗೆ ಕಡ್ಡಿಪೆಟ್ಟಿಗೆ ಹಾಕಿಕೊಂಡು ಹೊರಟ. ನಾನು ಜಗಳ ಮಾಡಲಿಲ್ಲ, ಜಗಳಕ್ಕೂ ಗಾಳಿ ಬೇಕು.

"ದೇವಪ್ಪಾ, ಹಿಡಿ," ಎಂದು ಕೂಸನ್ನು ಅವನ ಎರಡೂ ಕೈಯಲ್ಲಿ ಇಟ್ಟೆ.

"ಅವ್ವಾ, ಹೊಲಕ್ಕ ಹೊಂಟೀನಿ."

"ಹೋಗು. ಆಕಿನ್ನೂ ಒಯ್ಯಿ. ನೀ ಹಚ್ಚಿದ್ದು ಹೆಂಗ ಉರೀತದ, ಎಲ್ಲಿಗಿ ಹೋಗ್ತದ, ತೋರಿಸಿ ಕರಕೊಂಡು ಬಾ."

ಅವನು ಬಾಗಿಲಲ್ಲಿ ನಿಂತೇ ಇದ್ದ. ಕೂಸಿನ ಕೈ ಅವನ ಜೇಬಿಗೆ ಬಡಿದು ಕಡ್ಡಿಪೆಟ್ಟಿಗೆ ಅಲುಗಿತು. ಗಿಲಕಿಯ ಹಾಗೆ ಸದ್ದಾಯಿತು. ಅದಕ್ಕೆ ಬಹಳ ಖುಷಿ.

ಅವತ್ತೇ ದೇವಪ್ಪ ಹೇಳಿಕಳಿಸಿದ, ಕಟ್ಟಿಗೆ ಪುಡಿ ಮಾಡುವ ಮಷೀನಿನವನು ಬರುತ್ತೇನೆ ಎಂದವನು ಇನ್ನೂ ಬಂದಿಲ್ಲ. ರಾಶಿ ಬದುವಿನ ಮೇಲೆ ಹಾಗೆಯೇ ಬಿದ್ದಿದೆ. ಸುತ್ತಲಿನವರು ಸುಡುತ್ತಿದ್ದಾರೆ, ಇವತ್ತೂ ಬುದ್ಧನ ಮೂಗು ಕಾಣಲಿಲ್ಲ. ಆದರೆ ಅದನ್ನು ಮುಚ್ಚಿದ ಹೊಗೆಯಲ್ಲಿ ನಮ್ಮ ಹೊಲದ್ದು ಇಲ್ಲ. ಕೂಸು ಎದ್ದಿದೆ, ಬಿಸಿಲು ಏರುವುದನ್ನು ನಾವಿಬ್ಬರೂ ಕಾಯುತ್ತಿದ್ದೇವೆ.